ಹತ್ತಿದ ಗುಡ್ಡ ಇಳಿಯಲು ಎಷ್ಟು ಹೊತ್ತು ಬೇಕು?

ಮುಂಗಾರು ಹಿಡಿದ ಮೇಲೆ ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಚಹರೆಯೇ ಬದಲಾಗುತ್ತದೆ. ಮೇ ತಿಂಗಳಲ್ಲಿ ಕಾದು ನಿಂತಿದ್ದ ಜಾಗದಲ್ಲಿ ಜುಲೈ ಹೊತ್ತಿಗೆ ಹಸಿರು, ಬೆಳಗ್ಗೆ ಮಂಜು. ಭಾನುವಾರ ಬಂದರೆ ಸಾಕು, ಜೋಗಿಮಟ್ಟಿ ಕಡೆ ಬೈಕುಗಳ ಸಾಲು. ದಾವಣಗೆರೆಯಿಂದ ಕಾಲೇಜು ಹುಡುಗರು ಬರುತ್ತಾರೆ. ಹೊಳಲ್ಕೆರೆ, ಹಿರಿಯೂರಿನಿಂದ ಮಕ್ಕಳು ಮರಿ ಕರೆದುಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಮಳೆ ನಿಂತ ಮೇಲೆ ಇನ್ನು ಕೆಲವರು ರಾತ್ರಿ ಬಸ್ಸು ಹಿಡಿದು ಕುಮಾರಪರ್ವತಕ್ಕೋ ಮುಳ್ಳಯ್ಯನಗಿರಿಗೋ ಹೊರಡುತ್ತಾರೆ. ಇವರಲ್ಲಿ ಬಹಳ ಮಂದಿಗೆ ಅದು ಮೊದಲ ಚಾರಣ.

ಹೊರಡುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಹತ್ತೋಕೆ ಎಷ್ಟು ಹೊತ್ತು ಬೇಕು?" ಇಳಿಯೋಕೆ ಎಷ್ಟು ಅಂತ ಕೇಳುವವರು ಕಡಿಮೆ. ಇಳಿಯೋದು ತಾನೇ, ಅರ್ಧ ಹೊತ್ತು ಸಾಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಾರೆ. ಕತ್ತಲಲ್ಲಿ ಸಿಕ್ಕಿಹಾಕಿಕೊಳ್ಳುವುದು, ಅವಸರದಲ್ಲಿ ಕಾಲು ಉಳುಕುವುದು, ಮಂಡಿ ಹಿಡಿದುಕೊಳ್ಳುವುದು, ಇವೆಲ್ಲ ಎಷ್ಟೋ ಸಲ ಶುರುವಾಗುವುದು ಈ ತಪ್ಪು ಲೆಕ್ಕದಿಂದಲೇ. ಹೊತ್ತು ಲೆಕ್ಕ ಹಾಕಲು ಸುಲಭವಾದ ಸೂತ್ರಗಳಿವೆ. ಕೂಡುವುದು, ಗುಣಿಸುವುದು ಬಂದರೆ ಸಾಕು.

ಎತ್ತರ ಬೇರೆ, ಏರು ಬೇರೆ

ಗುಡ್ಡದ ಲೆಕ್ಕಕ್ಕೆ ಮೂರು ಸಂಗತಿ ಗೊತ್ತಿರಬೇಕು. ಮೊದಲನೆಯದು ದೂರ, ಅಂದರೆ ನಾವು ನಡೆಯುವ ದಾರಿಯ ಉದ್ದ. ಎರಡನೆಯದು ಏರು. ಹೊರಟ ಜಾಗದಿಂದ ತುದಿಯವರೆಗೆ ಒಟ್ಟು ಎಷ್ಟು ಮೀಟರ್ ಮೇಲಕ್ಕೆ ಹತ್ತಬೇಕು ಎನ್ನುವುದು. ಮೂರನೆಯದು ಇಳಿಜಾರು, ದಾರಿ ಎಷ್ಟು ಕಡಿದಾಗಿದೆ ಎನ್ನುವುದು.

ಜನ ಎಡವುವುದು ಎರಡನೆಯದರಲ್ಲಿ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್, ಕುಮಾರಪರ್ವತದ್ದು 1,712 ಮೀಟರ್. ಅಂಕಿ ನೋಡಿದರೆ ಮುಳ್ಳಯ್ಯನಗಿರಿಯೇ ಕಷ್ಟ ಅನ್ನಿಸಬೇಕು ಅಲ್ವಾ? ಆದರೆ ಈ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದು. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಲ್ಲಿಂದ ಕುಮಾರಪರ್ವತದ ತುದಿಗೆ ಸುಮಾರು 1,600 ಮೀಟರನ್ನು ನಮ್ಮ ಕಾಲೇ ಹತ್ತಬೇಕು. ಕಾಲಿಗೆ ಲೆಕ್ಕ ಇರುವುದು ಏರಿನದು, ಬೋರ್ಡಿನ ಮೇಲೆ ಬರೆದ ಎತ್ತರದ್ದಲ್ಲ.

ದಾರಿ ಮಧ್ಯೆ ಒಂದು ಹಳ್ಳಕ್ಕೆ ಇಳಿದು ಮತ್ತೆ ಹತ್ತಬೇಕಾದರೆ ಆ ಎರಡನೇ ಹತ್ತುವಿಕೆಯನ್ನೂ ಏರಿಗೆ ಸೇರಿಸಬೇಕು. ಸಾಲು ಗುಡ್ಡಗಳಲ್ಲಿ ಇದು ಜಾಸ್ತಿ. ಏರು ಎಷ್ಟೆಂದು ತಿಳಿಯಲು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಒಳ್ಳೆಯದು. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿರುತ್ತವೆ. ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದು, ದೂರ ದೂರ ಇದ್ದರೆ ನಿಧಾನದ ಏರು. ಫೋನಿನ ಮ್ಯಾಪ್ ಆ್ಯಪ್‌ಗಳಲ್ಲೂ ಈಗ ಈ ಗೆರೆಗಳು ಸಿಗುತ್ತವೆ.

1892ರ ಒಂದು ಸರಳ ಸೂತ್ರ

ವಿಲಿಯಂ ನೈಸ್ಮಿತ್ ಸ್ಕಾಟ್ಲೆಂಡಿನ ಪರ್ವತಾರೋಹಿ. 1892ರಲ್ಲಿ ಅವರು ಒಂದೇ ದಿನ ಮೂರು ಬೆಟ್ಟ ಸುತ್ತಿ ಬಂದರು. ದೂರ 10 ಮೈಲಿ, ಒಟ್ಟು ಏರು 6,300 ಅಡಿ, ಹಿಡಿದ ಹೊತ್ತು ಆರೂವರೆ ಗಂಟೆ. ಆ ಬಗ್ಗೆ ಬರೆಯುವಾಗ ಒಂದು ಲೆಕ್ಕವನ್ನೂ ಕೊಟ್ಟರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಚಾರಣಿಗರು ಇಂದಿಗೂ ಬಳಸುವುದು ಇದನ್ನೇ.

ನಮ್ಮ ಅಳತೆಗೆ ತಂದರೆ, ಒಂದು ಕಿಲೋಮೀಟರ್‌ಗೆ 12 ನಿಮಿಷ, ಪ್ರತಿ 100 ಮೀಟರ್ ಏರಿಗೆ 10 ನಿಮಿಷ.

ಒಂದು ಗುಡ್ಡ ಇದೆ ಅಂದುಕೊಳ್ಳಿ. ಗೇಟಿನಿಂದ ತುದಿಗೆ 4 ಕಿಲೋಮೀಟರ್, ಏರು 300 ಮೀಟರ್. ದೂರಕ್ಕೆ 48 ನಿಮಿಷ, ಏರಿಗೆ 30 ನಿಮಿಷ. ಒಟ್ಟು 78 ನಿಮಿಷ, ಅಂದರೆ ಒಂದು ಗಂಟೆ 18 ನಿಮಿಷ.

ಇದು ಒಳ್ಳೆಯ ದಾರಿಯಲ್ಲಿ, ಒಳ್ಳೆಯ ಹವೆಯಲ್ಲಿ, ನಡೆದು ಅಭ್ಯಾಸ ಇರುವವರ ಲೆಕ್ಕ. ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತ ಹೊತ್ತು, ಫೋಟೋ ತೆಗೆದ ಹೊತ್ತು ಇದರಲ್ಲಿ ಸೇರಿಲ್ಲ. ನಮ್ಮ ಕಡೆಯ ಬಿಸಿಲಂತೂ ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ನಿಮ್ಮದೇ ಒಂದು ಗುಣಕ ಇಟ್ಟುಕೊಳ್ಳಿ. ಗೊತ್ತಿರುವ ಗುಡ್ಡವನ್ನು ಒಮ್ಮೆ ಗಡಿಯಾರ ನೋಡಿಕೊಂಡು ಹತ್ತಿ. ಸೂತ್ರ 78 ನಿಮಿಷ ಅಂದಿತು, ನಿಮಗೆ 105 ನಿಮಿಷ ಹಿಡಿಯಿತು ಅಂದರೆ ನಿಮ್ಮ ಗುಣಕ ಸುಮಾರು 1.35. ಮುಂದೆ ಯಾವ ಗುಡ್ಡಕ್ಕೆ ಹೋದರೂ ಸೂತ್ರದ ಉತ್ತರವನ್ನು ಇದರಿಂದ ಗುಣಿಸಿ. ಗುಂಪಿನಲ್ಲಿ ಹೋಗುವಾಗ ಎಲ್ಲರಿಗಿಂತ ನಿಧಾನ ನಡೆಯುವವರ ಗುಣಕವೇ ಇಡೀ ಗುಂಪಿನ ಗುಣಕ. ಮುಂದೆ ಓಡುವ ಹುಡುಗರನ್ನು ನೋಡಿ ಹಾಕಿದ ಲೆಕ್ಕ ಹಿಂದೆ ಬರುವ ಅಜ್ಜಿಗೆ ಸರಿಹೋಗುವುದಿಲ್ಲ.

"ಅರ್ಧ ಹೊತ್ತು ಸಾಕು" ಎನ್ನುವುದು ಯಾವಾಗ ನಿಜ?

ನೈಸ್ಮಿತ್ ಸೂತ್ರದಲ್ಲಿ ಒಂದು ಕೊರತೆ ಇದೆ. ಇಳಿಯುವುದನ್ನು ಅದು ಬಯಲಿನ ನಡಿಗೆ ಎಂದೇ ಎಣಿಸುತ್ತದೆ. ಬ್ರಿಟನ್ನಿನ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮಿಯರ್ ಇದನ್ನು ತಿದ್ದಿದರು. ಅವರ ತಿದ್ದುಪಡಿ ಹೀಗಿದೆ. ಇಳಿಜಾರು 5ರಿಂದ 12 ಡಿಗ್ರಿ ಇದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ. 12 ಡಿಗ್ರಿಗಿಂತ ಕಡಿದಾಗಿದ್ದರೆ 10 ನಿಮಿಷ ಕೂಡಿಸಿ.

ಡಿಗ್ರಿ ಅಂದರೆ ತಲೆಬಿಸಿ ಬೇಡ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 9 ಮೀಟರ್ ಇಳಿದರೆ ಅದು 5 ಡಿಗ್ರಿ. ಸುಮಾರು 21 ಮೀಟರ್ ಇಳಿದರೆ 12 ಡಿಗ್ರಿ.

ಈಗ ನಮ್ಮ 4 ಕಿಲೋಮೀಟರ್ ಗುಡ್ಡಕ್ಕೆ ಎರಡು ದಾರಿ ಇದೆ ಅಂದುಕೊಳ್ಳೋಣ. ಒಂದರಲ್ಲಿ ಮೊದಲ ಎರಡು ಕಿಲೋಮೀಟರ್ ಬಯಲು, ಉಳಿದ ಎರಡರಲ್ಲಿ ನಿಧಾನಕ್ಕೆ 300 ಮೀಟರ್ ಏರು. ಇನ್ನೊಂದರಲ್ಲಿ ಮೂರು ಕಿಲೋಮೀಟರ್ ಬಯಲು, ಕೊನೆಯ ಒಂದರಲ್ಲೇ 300 ಮೀಟರ್. ಎರಡಕ್ಕೂ ದೂರ ಒಂದೇ, ಏರು ಒಂದೇ. ಸೂತ್ರದ ಪ್ರಕಾರ ಹತ್ತಲು ಹಿಡಿಯುವುದೂ ಅದೇ 78 ನಿಮಿಷ. ಇಳಿಯುವಾಗ ನೋಡಿ. ಮೊದಲ ದಾರಿಯ ಇಳಿಜಾರು ಸುಮಾರು 8.5 ಡಿಗ್ರಿ, ಹಾಗಾಗಿ 48ರಲ್ಲಿ 10 ಕಳೆದು 38 ನಿಮಿಷ. ಎರಡನೆಯದರಲ್ಲಿ ಸುಮಾರು 17 ಡಿಗ್ರಿ, 48ಕ್ಕೆ 10 ಕೂಡಿಸಿ 58 ನಿಮಿಷ.

ಅರ್ಧ ಹೊತ್ತು ಸಾಕು ಎನ್ನುವ ಮಾತು ಮೊದಲ ದಾರಿಗೆ ಹೆಚ್ಚುಕಡಿಮೆ ನಿಜ. ಎರಡನೇ ದಾರಿಗೆ ಸುಳ್ಳು. ಅಲ್ಲಿ ಹತ್ತಿದ್ದರ ಮುಕ್ಕಾಲು ಪಾಲು ಹೊತ್ತು ಇಳಿಯಲೂ ಬೇಕು. ಗೇಟಿನಿಂದ ತುದಿಗೆ ಒಟ್ಟಾರೆ ಸರಾಸರಿ ತೆಗೆದರೆ ಎರಡು ದಾರಿಯೂ 5 ಡಿಗ್ರಿಗಿಂತ ಕಡಿಮೆ ಇದ್ದಂತೆ ಕಾಣುತ್ತವೆ, ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕಡಿದಾದ ತುಂಡನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು ಎನ್ನುವುದು ಇದಕ್ಕೇ.

ಅಮೆರಿಕದ ಭೂಗೋಳ ವಿಜ್ಞಾನಿ ವಾಲ್ಡೊ ಟೋಬ್ಲರ್ 1993ರಲ್ಲಿ ಬೇರೆಯೇ ದಾರಿಯಲ್ಲಿ ಹೋಗಿ ಇದೇ ತೀರ್ಮಾನಕ್ಕೆ ಬಂದರು. ಅವರ ಸೂತ್ರದಲ್ಲಿ ಮನುಷ್ಯ ಅತಿ ವೇಗವಾಗಿ ನಡೆಯುವುದು ನೂರಕ್ಕೆ 5 ಮೀಟರ್ ಇಳಿಯುವ ಸಣ್ಣ ಇಳುಕಲಿನಲ್ಲಿ, ಗಂಟೆಗೆ 6 ಕಿಲೋಮೀಟರ್. ಬಯಲಿನಲ್ಲಿ ಸುಮಾರು 5. ಇಳಿಜಾರು ಅದಕ್ಕಿಂತ ಹೆಚ್ಚಾದಂತೆ ವೇಗ ಕುಸಿಯುತ್ತದೆ. ನೂರಕ್ಕೆ 30 ಮೀಟರ್ ಇಳಿಯುವ ಕಡೆ ವೇಗ ಗಂಟೆಗೆ ಎರಡೂವರೆ ಕಿಲೋಮೀಟರ್ ಮಾತ್ರ. ನೂರಕ್ಕೆ 20 ಮೀಟರ್ ಹತ್ತುವಾಗ ಇರುವ ವೇಗವೂ ಅಷ್ಟೇ. ನಮ್ಮ ಎರಡನೇ ದಾರಿಯ ಕೊನೆಯ ಕಿಲೋಮೀಟರ್ ಇರುವುದೂ ನೂರಕ್ಕೆ 30ರಂತೆ. ಟೋಬ್ಲರ್ ಪ್ರಕಾರ ಆ ತುಂಡಿಗೆ 24 ನಿಮಿಷ, ಲ್ಯಾಂಗ್‌ಮಿಯರ್ ಪ್ರಕಾರ 22.

ದೊಡ್ಡ ಬೆಟ್ಟಕ್ಕೆ ಇನ್ನೂ ಎಚ್ಚರದ ಲೆಕ್ಕ

ಕುಮಾರಪರ್ವತದಂಥ ದೊಡ್ಡ ಚಾರಣಕ್ಕೆ ಆಲ್ಪ್ಸ್ ಕಡೆಯವರು ಬಳಸುವ ಸೂತ್ರ ಹೆಚ್ಚು ಸುರಕ್ಷಿತ. ಅದರಲ್ಲಿ ಗಂಟೆಗೆ 4 ಕಿಲೋಮೀಟರ್ ದೂರ, 300 ಮೀಟರ್ ಏರು, 500 ಮೀಟರ್ ಇಳಿತ. ದೂರದ ಹೊತ್ತು, ಏರು ಅಥವಾ ಇಳಿತದ ಹೊತ್ತು ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಬೇಕು.

ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್ ಎಂದು ಹಿಡಿಯೋಣ. ದೂರಕ್ಕೆ ಮೂರೂಕಾಲು ಗಂಟೆ, 1,600 ಮೀಟರ್ ಏರಿಗೆ ಐದು ಗಂಟೆ 20 ನಿಮಿಷ. ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿದರೆ ಹತ್ತಲು ಹತ್ತಿರ ಹತ್ತಿರ ಏಳು ಗಂಟೆ. ಇಳಿಯುವಾಗ ಇಳಿತಕ್ಕೆ ಮೂರು ಗಂಟೆ 12 ನಿಮಿಷ, ದೂರಕ್ಕೆ ಅದೇ ಮೂರೂಕಾಲು. ಸೇರಿಸಿದರೆ ಐದು ಗಂಟೆಗೆ ಸ್ವಲ್ಪ ಕಡಿಮೆ. ಹೋಗಿ ಬರಲು ಹನ್ನೆರಡು ಗಂಟೆ ಆಯಿತು, ಊಟ ವಿರಾಮ ಬಿಟ್ಟು. ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದು ಹೊರಟು ಸಂಜೆ ಬಸ್ಸು ಹಿಡಿಯುತ್ತೇವೆ ಅನ್ನುವವರು ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು.

ಇಳಿಯುವಾಗ ಕಾಲಿನೊಳಗೆ ಏನಾಗುತ್ತದೆ

ಹತ್ತುವಾಗ ಏದುಸಿರು ಬರುತ್ತದೆ. ಇಳಿಯುವಾಗ ಬರುವುದಿಲ್ಲ. ಅದಕ್ಕೇ ಇಳಿಯುವುದು ಸುಲಭ ಅನ್ನಿಸುವುದು. ಆದರೆ ದಣಿವು ಬೇರೆ ಕಡೆ ಸೇರುತ್ತಿರುತ್ತದೆ.

ಘಾಟಿ ಇಳಿಯುವ ಲೋಡು ಲಾರಿಯನ್ನು ನೋಡಿದ್ದೀರಲ್ಲ? ಲಾರಿಯನ್ನು ಮುಂದೆ ತಳ್ಳಲು ಅಲ್ಲಿ ಎಂಜಿನ್ ಬೇಕಿಲ್ಲ, ಹಿಡಿದು ನಿಲ್ಲಿಸುವುದೇ ದೊಡ್ಡ ಕೆಲಸ. ಡ್ರೈವರ್ ಸಣ್ಣ ಗೇರಿಗೆ ಹಾಕಿ ನಿಧಾನಕ್ಕೆ ಇಳಿಸುತ್ತಾನೆ. ಬರೀ ಬ್ರೇಕ್ ನಂಬಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ನಮ್ಮ ಮೈಯಲ್ಲಿ ಆ ಬ್ರೇಕ್ ಅಂದರೆ ತೊಡೆಯ ಮುಂಭಾಗದ ಸ್ನಾಯು. ಹತ್ತುವಾಗ ಅದು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಬಿಗಿ ಹಿಡಿದುಕೊಂಡೇ ಹಿಗ್ಗುತ್ತಾ ಮೈಭಾರವನ್ನು ತಡೆಯುತ್ತದೆ. ಹೀಗೆ ಹಿಗ್ಗುತ್ತಾ ಕೆಲಸ ಮಾಡುವಾಗ ಆಮ್ಲಜನಕ ಕಡಿಮೆ ಸಾಕು. ಆದರೆ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಜಾಸ್ತಿ. ಗುಡ್ಡ ಹತ್ತಿ ಬಂದ ಮಾರನೇ ದಿನವೋ ಮೂರನೇ ದಿನವೋ ಮನೆಯ ಮೆಟ್ಟಿಲು ಇಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಈ ಪೆಟ್ಟಿನಿಂದಲೇ.

ಸುಸ್ತಾದ ತೊಡೆ ತಡೆಯುವುದನ್ನು ಬಿಟ್ಟಾಗ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಕಾಲು ನಡುಗುತ್ತದೆ. ಇಟ್ಟ ಹೆಜ್ಜೆ ಇಟ್ಟ ಕಡೆ ನಿಲ್ಲುವುದಿಲ್ಲ. ಆಲ್ಪ್ಸ್ ಪರ್ವತದ ಆಸ್ಟ್ರಿಯಾ ಭಾಗದಲ್ಲಿ ಚಾರಣಿಗರು ಬಿದ್ದ ಸಾವಿರಾರು ಪ್ರಕರಣಗಳನ್ನು ಅಧ್ಯಯನ ಮಾಡಿದಾಗ, ಸುಮಾರು ಮುಕ್ಕಾಲು ಪಾಲು ಜನ ಬಿದ್ದದ್ದು ಇಳಿಯುವಾಗ ಎಂದು ಕಂಡುಬಂದಿದೆ.

ಇದಕ್ಕೆ ಪರಿಹಾರಗಳೂ ಇವೆ. ಒಮ್ಮೆ ಇಳಿದು ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಚೆನ್ನಾಗಿ ತಯಾರಾಗಿರುತ್ತದೆ. ಹಾಗಾಗಿ ದೊಡ್ಡ ಚಾರಣಕ್ಕೆ ಎರಡು ವಾರ ಮುಂಚೆ ಕೋಟೆಯ ಮೆಟ್ಟಿಲುಗಳನ್ನು ಹತ್ತಿ, ಅದಕ್ಕಿಂತ ಮುಖ್ಯವಾಗಿ ನಿಧಾನವಾಗಿ ಇಳಿದು ಬನ್ನಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ಮಂಡಿ ಸ್ವಲ್ಪ ಬಾಗಿರಲಿ. ಹೆದರಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರುತ್ತದೆ, ಮೈಭಾರ ಪಾದದ ಮೇಲೇ ಇರಬೇಕು. ಇಲ್ಲಿ ದನ ಕುರಿ ಕಾಯುವವರ ಕೈಯಲ್ಲಿ ಯಾವಾಗಲೂ ಒಂದು ಕೋಲು ಇರುತ್ತದೆ ನೋಡಿ. ಕೋಲು ಊರಿ ಇಳಿದರೆ ಮಂಡಿಯ ಹೊರೆ ನಿಜವಾಗಿಯೂ ಕಡಿಮೆಯಾಗುತ್ತದೆ. ಹೊರಡುವ ಮೊದಲು ತುದಿಯಲ್ಲೇ ಕೂತು ಶೂ ಲೇಸನ್ನು ಬಿಗಿಯಾಗಿ ಮತ್ತೆ ಕಟ್ಟಿ. ಸಡಿಲ ಇದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಶೂವಿನ ತುದಿಗೆ ಗುದ್ದುತ್ತಲೇ ಇರುತ್ತದೆ, ಸಂಜೆಗೆ ಕಪ್ಪಾಗುತ್ತದೆ.

ಬಂಡೆ, ಗರಸು, ಪಾಚಿ

ಚಿತ್ರದುರ್ಗದಲ್ಲಿ ಎರಡು ಬಗೆಯ ನೆಲ ಸಿಗುತ್ತದೆ. ಕೋಟೆ ಕಡೆ ಗುಂಡಗೆ ಸವೆದ ಗ್ರಾನೈಟ್ ಬಂಡೆ. ಜೋಗಿಮಟ್ಟಿ ಕಡೆ ಒಡೆದ ಕಲ್ಲು, ಮಣ್ಣು, ಹುಲ್ಲು.

ಒಣಗಿದ ಬಂಡೆ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ತೊಂದರೆ ಬರುವುದು ಅದರ ಮೇಲೆ ಉದುರಿದ ಗರಸಿನಿಂದ. ಬಂಡೆ ಬಿಸಿಲು ಮಳೆಗೆ ಸವೆದು ಸಾಸಿವೆ, ಜೋಳದ ಗಾತ್ರದ ಹರಳುಗಳಾಗಿ ಉದುರುತ್ತದೆ. ಹತ್ತುವಾಗ ಕಣ್ಣು ನೆಲಕ್ಕೆ ಹತ್ತಿರ ಇರುವುದರಿಂದ ಅದು ಕಾಣುತ್ತದೆ. ಇಳಿಯುವಾಗ ಕಣ್ಣು ದೂರದ ದಾರಿಯ ಮೇಲೆ. ಕಾಲಿಟ್ಟಾಗ ಶೂ ಬಂಡೆಗೆ ತಾಗುವುದೇ ಇಲ್ಲ, ಹರಳಿನ ಮೇಲೆ ಉರುಳುತ್ತದೆ. ಇಂಥ ಕಡೆ ಪಾದವನ್ನು ಪೂರ್ತಿ ಊರಿ, ಗರಸು ಇಲ್ಲದ ಜಾಗ ಹುಡುಕಿಕೊಂಡು ಇಳಿಯಬೇಕು. ಮಳೆಗಾಲದಲ್ಲಿ ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟಿಗಳು ಕಾಣುತ್ತವಲ್ಲ, ಅವು ಪಾಚಿ. ಅದರ ಮೇಲೆ ಎಂಥ ಶೂ ಆದರೂ ನಿಲ್ಲುವುದಿಲ್ಲ. ಜನವರಿ ನಂತರ ಒಣಗಿ ಮಲಗಿದ ಹುಲ್ಲೂ ಜಾರುತ್ತದೆ, ಇದನ್ನು ಬಹಳ ಜನ ನಂಬುವುದಿಲ್ಲ.

ಕೋಟೆಯೊಳಗೆ ತುಪ್ಪದ ಕೊಳದ ಕಡೆ ಬಂಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳಿವೆ. ಹತ್ತುವಾಗ ಮುಂದಿನ ಗುಳಿ ಮುಖದ ಎದುರಿಗೇ ಇರುತ್ತದೆ, ಕೈ ಅದನ್ನು ಹಿಡಿಯುತ್ತದೆ, ಆಮೇಲೆ ಕಾಲು ಅಲ್ಲಿಗೆ ಬರುತ್ತದೆ. ಇಳಿಯುವಾಗ ಬಂಡೆಯ ಉಬ್ಬು ಕೆಳಗಿನ ಗುಳಿಯನ್ನು ಮುಚ್ಚಿಬಿಡುತ್ತದೆ. ಕಾಲು ಕುರುಡಾಗಿ ತಡಕಾಡುತ್ತದೆ. ಇಂಥ ಕಡಿದಾದ ಕಡೆ ಬಯಲಿನತ್ತ ಮುಖ ಮಾಡಿ ಇಳಿಯಬಾರದು. ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ, ಒಂದು ಕಾಲು ಭದ್ರವಾದ ಮೇಲೆ ಇನ್ನೊಂದನ್ನು ತೆಗೆಯಬೇಕು. ಹತ್ತಿದ ದಾರಿಯಲ್ಲಿ ಇಳಿಯಲು ಆಗುತ್ತದೋ ಇಲ್ಲವೋ ಎನ್ನುವುದನ್ನು ಹತ್ತುವ ಮೊದಲೇ ಯೋಚಿಸಬೇಕು.

ಉಬ್ಬಿದ ಗುಡ್ಡಗಳ ಅಪಾಯವೂ ಇದೇ ಬಗೆಯದು. ಮೇಲಿನಿಂದ ನೋಡಿದರೆ ಇಳಿಜಾರು ಸಾಧಾರಣ ಅನ್ನಿಸುತ್ತದೆ, ದೂರದಲ್ಲಿ ರಸ್ತೆ ಕಾಣುತ್ತದೆ. ಮಧ್ಯದ ಕಡಿದು ಮಾತ್ರ ಉಬ್ಬಿನ ಹಿಂದೆ ಅಡಗಿರುತ್ತದೆ. "ಸುಮ್ನೆ ಸುತ್ತು ಯಾಕೆ, ನೇರ ಇಳಿದುಬಿಡೋಣ" ಎಂದು ಕಾಲುದಾರಿ ಬಿಟ್ಟವರು ಅರ್ಧಕ್ಕೆ ಬಂದು ನಿಲ್ಲುತ್ತಾರೆ. ಕೆಳಗೆ ಇಳಿಯಲಾಗದು, ಮೇಲೆ ಹತ್ತಲು ಕಾಲಲ್ಲಿ ಶಕ್ತಿ ಇಲ್ಲ. ದಾರಿ ತಪ್ಪಿತು ಅನ್ನಿಸಿದ ಕೂಡಲೇ, ಶಕ್ತಿ ಇರುವಾಗಲೇ, ಗೊತ್ತಿರುವ ಜಾಗಕ್ಕೆ ವಾಪಸು ಹತ್ತಬೇಕು.

ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ

ಚಿತ್ರದುರ್ಗ, ದಾವಣಗೆರೆ ಕಡೆ ನವೆಂಬರ್, ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ ಆರರ ಆಸುಪಾಸಿಗೆ. ಜೂನ್ ಕೊನೆಯಲ್ಲಿ ಏಳಕ್ಕೆ ಸ್ವಲ್ಪ ಮುಂಚೆ. ಮುಳುಗಿದ ಮೇಲೆ ಕಾಲ ಕೆಳಗಿನ ಕಲ್ಲು ಕಾಣುವಷ್ಟು ಬೆಳಕು ಉಳಿಯುವುದು ಇಪ್ಪತ್ತು ಇಪ್ಪತ್ತೈದು ನಿಮಿಷ ಮಾತ್ರ. ಮೋಡ ಇದ್ದರೆ, ಮರದ ನೆರಳಿದ್ದರೆ ಅದೂ ಇಲ್ಲ.

ನಮ್ಮ ಎರಡನೇ ದಾರಿಯನ್ನೇ ತೆಗೆದುಕೊಳ್ಳಿ. ಇಳಿಯಲು ಸೂತ್ರದ 58 ನಿಮಿಷ. ಮಕ್ಕಳು, ಹಿರಿಯರು ಇರುವ ಗುಂಪಿಗೆ ಒಂದೂವರೆ ಪಟ್ಟು ಅಂದರೆ ಸುಮಾರು ಒಂದೂವರೆ ಗಂಟೆ. ಅನಿರೀಕ್ಷಿತಕ್ಕೆ ಅಂತ ಇನ್ನರ್ಧ ಗಂಟೆ. ಡಿಸೆಂಬರಿನಲ್ಲಿ ಆರು ಗಂಟೆಗೆ ಗೇಟಿನಲ್ಲಿ ಇರಬೇಕಾದರೆ ನಾಲ್ಕಕ್ಕೆ ತುದಿ ಬಿಡಬೇಕು. ನಾಲ್ಕು ಗಂಟೆಗೆ ಇನ್ನೂ ಅರ್ಧ ದಾರಿಯಲ್ಲಿದ್ದರೆ? ಅಲ್ಲಿಂದಲೇ ತಿರುಗಬೇಕು. ಈ ತಿರುಗುವ ಹೊತ್ತನ್ನು ಹೊರಡುವ ಮೊದಲೇ, ಎಲ್ಲರೂ ಒಪ್ಪಿ ನಿಶ್ಚಯಿಸಿಕೊಳ್ಳಿ. ತುದಿ ಕಣ್ಣಿಗೆ ಕಾಣುವಾಗ ಹೊಸದಾಗಿ ತೀರ್ಮಾನ ಮಾಡುವುದು ಯಾರಿಗೂ ಕಷ್ಟ. ಸೂರ್ಯಾಸ್ತ ನೋಡಲೆಂದೇ ತುದಿಯಲ್ಲಿ ಕೂರುವವರು ತಾವು ಕತ್ತಲಲ್ಲೇ ಇಳಿಯುತ್ತೇವೆ ಎನ್ನುವುದನ್ನು ಒಪ್ಪಿಕೊಂಡು, ತಲೆಗೆ ಕಟ್ಟುವ ಟಾರ್ಚ್ ತಂದಿರಬೇಕು. ಫೋನಿನ ಟಾರ್ಚ್ ಒಂದು ಕೈಯನ್ನು ಕಟ್ಟಿಹಾಕುತ್ತದೆ, ಕರೆ ಮಾಡಲು ಬೇಕಾದ ಚಾರ್ಜನ್ನೂ ತಿನ್ನುತ್ತದೆ.

ಜೋಗಿಮಟ್ಟಿ ವನ್ಯಧಾಮ. ಅಲ್ಲಿ ಕರಡಿ, ಚಿರತೆ ಇವೆ. ಕರಡಿ ಹೆಚ್ಚಾಗಿ ಓಡಾಡುವುದು ಮುಸ್ಸಂಜೆಯ ನಂತರ, ಹಠಾತ್ತಾಗಿ ಎದುರಾದರೆ ಮೇಲೆ ಬೀಳುತ್ತದೆ. ಗೇಟಿನ ಹೊತ್ತು, ಅನುಮತಿಯ ನಿಯಮವನ್ನು ಅರಣ್ಯ ಇಲಾಖೆಯವರಲ್ಲಿ ಕೇಳಿಕೊಂಡೇ ಹೋಗಿ. ಬಂಡೆಗಳಲ್ಲಿ ಹೆಜ್ಜೇನು ಇದ್ದರೆ ಕಲ್ಲು ಎಸೆಯುವುದು, ಹೊಗೆ ಹಾಕುವುದು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಮೋಡ ಕಟ್ಟುವುದು ಕಂಡರೆ ತುದಿಯಲ್ಲಿ ನಿಲ್ಲದೆ ಇಳಿಯಿರಿ. ನೀರನ್ನು ಹತ್ತುವಾಗಲೇ ಪೂರ್ತಿ ಕುಡಿದು ಮುಗಿಸಬೇಡಿ.

ಇಳಿಯುವಾಗ ಯಾರಿಗಾದರೂ ಪೆಟ್ಟಾದರೆ

ಮೊದಲು ಎಲ್ಲರೂ ನಿಲ್ಲಬೇಕು. ಕಾಲು ಉಳುಕಿದವರನ್ನು ಸಮತಟ್ಟು ಜಾಗದಲ್ಲಿ ಕೂರಿಸಿ. ಅವರು ನಡೆದೇ ಇಳಿಯಬೇಕಾದರೆ ಶೂ ಬಿಚ್ಚಿಸಬೇಡಿ, ಬಿಚ್ಚಿದರೆ ಬಾವು ಬಂದು ಮತ್ತೆ ಹಾಕಲು ಆಗುವುದಿಲ್ಲ. ಲೇಸಿನ ಮೇಲಿನಿಂದಲೇ ಟವೆಲ್ಲನ್ನೋ ಪಟ್ಟಿಯನ್ನೋ ಬಿಗಿಯಾಗಿ ಸುತ್ತಿ. ಕಾಲು ಊರಲು ಆಗುತ್ತಿಲ್ಲ ಅಂದರೆ, ತಲೆಗೆ ಅಥವಾ ಬೆನ್ನಿಗೆ ಪೆಟ್ಟಾಗಿದ್ದರೆ, ಎತ್ತಿಕೊಂಡು ಇಳಿಸುವ ಸಾಹಸ ಮಾಡದೆ 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ ಈ ಕರೆ ಹೋಗಬಹುದು. ಮಾತು ಕೇಳಿಸದಷ್ಟು ಸಿಗ್ನಲ್ ಕಡಿಮೆ ಇದ್ದರೆ ಮನೆಯವರಿಗೆ ಎಸ್‌ಎಂಎಸ್ ಕಳಿಸಿ, ಅದು ಹೋಗುವ ಸಾಧ್ಯತೆ ಹೆಚ್ಚು. ಜಾಗದ ಹೆಸರಿನ ಜೊತೆ ಫೋನಿನ ಮ್ಯಾಪ್ ತೋರಿಸುವ ಅಕ್ಷಾಂಶ ರೇಖಾಂಶದ ಅಂಕಿಗಳನ್ನೂ ಬರೆಯಿರಿ.

ಗಾಯಗೊಂಡವರನ್ನು ಒಬ್ಬರನ್ನೇ ಬಿಟ್ಟು ಎಲ್ಲರೂ ಕೆಳಗೆ ಓಡಬಾರದು. ನಾಲ್ಕು ಜನ ಇದ್ದರೆ ಒಬ್ಬರು ಜೊತೆಗಿದ್ದು, ಇಬ್ಬರು ಹೋಗಲಿ. ಬ್ಯಾಗಿನಲ್ಲಿ ಹತ್ತಿಪ್ಪತ್ತು ರೂಪಾಯಿಯ ಒಂದು ಸೀಟಿ ಇರಲಿ, ಕೂಗಿನ ಸದ್ದಿಗಿಂತ ಅದು ದೂರ ಹೋಗುತ್ತದೆ, ಗಂಟಲೂ ಉಳಿಯುತ್ತದೆ. ಪರ್ವತ ಪ್ರದೇಶಗಳಲ್ಲಿ ಒಪ್ಪಿಕೊಂಡ ಸಂಕೇತ ಎಂದರೆ ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಸುಮ್ಮನಿರುವುದು, ಮತ್ತೆ ಆರು ಸಲ. ಕತ್ತಲಾದರೆ ಟಾರ್ಚಿನಲ್ಲೂ ಹೀಗೇ ಮಾಡಬಹುದು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಉತ್ತರ ಬಂದ ಮೇಲೂ ಊದುವುದನ್ನು ನಿಲ್ಲಿಸಬೇಡಿ, ಹುಡುಕಿಕೊಂಡು ಬರುವವರು ಆ ಸದ್ದಿನ ಜಾಡು ಹಿಡಿದೇ ನಿಮ್ಮ ಹತ್ತಿರ ಬರಬೇಕು.